ಗಲಭೆ ಯಾಕಾಗುತ್ತೆ, ಅವತ್ತೇ ಯಾಕಾಗುತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಎಲ್ಲಾದರೂ ಗಲಾಟೆ ಆದಾಗಲೆಲ್ಲ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಕಾಲೇಜಿನ ಹುಡುಗರು ಕೇಳುತ್ತಾರೆ, ಅಂಗಡಿಯವರು ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಕೆಲವರು ಪತ್ರ ಬರೆದು ಕೇಳುತ್ತಾರೆ. ಆ ಪ್ರಶ್ನೆಗಳನ್ನು ಅವರವರ ಮಾತಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ತಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಳ್ಳಬಹುದು.

## ಮೊದಲು ಕೇಳುವ ಪ್ರಶ್ನೆಗಳು

ಪ್ರತಿಭಟನೆ, ಗಲಾಟೆ, ಗಲಭೆ ಎಲ್ಲಾ ಒಂದೇ ಅಲ್ವಾ ಸಾರ್?

ಅಲ್ಲ. ಆಯುಧ ಇಲ್ಲದೆ, ಶಾಂತಿಯಿಂದ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಮಂಡ್ಯದ ಸಂಜಯ ವೃತ್ತದಲ್ಲಿ ಕೂತು ಧಿಕ್ಕಾರ ಕೂಗುವುದು ಆ ಹಕ್ಕಿನೊಳಗೇ ಬರುತ್ತದೆ. ಹೆದ್ದಾರಿ ತಡೆದರೆ ಕಾನೂನು ಮುರಿದ ಹಾಗಾಯಿತು, ಆದರೂ ಅದು ಗಲಭೆಯಲ್ಲ. ಐದು ಜನ ಅಥವಾ ಅದಕ್ಕಿಂತ ಜಾಸ್ತಿ ಜನ ಕಾನೂನಿಗೆ ವಿರುದ್ಧವಾದ ಒಂದೇ ಉದ್ದೇಶಕ್ಕೆ ಸೇರಿ, ಅವರಲ್ಲಿ ಒಬ್ಬ ಆ ಉದ್ದೇಶಕ್ಕಾಗಿ ಬಲಪ್ರಯೋಗ ಮಾಡಿದರೂ ಅದು ದೊಂಬಿ, ಅಂದರೆ ಕಾನೂನಿನ ಮಾತಲ್ಲಿ ಗಲಭೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 191ನೇ ಸೆಕ್ಷನ್‌ನಲ್ಲಿ ಇದು ಬರುತ್ತದೆ. 2 ವರ್ಷದವರೆಗೆ ಜೈಲು, ಕೈಯಲ್ಲಿ ಮಾರಕಾಸ್ತ್ರ ಇದ್ದರೆ 5 ವರ್ಷದವರೆಗೆ.

ಒಂದು ಕಲ್ಲಿಂದ ಇಡೀ ಊರು ಹತ್ತಿ ಉರೀತು ಅಂತಾರೆ. ನಿಜವಾಗಲೂ ಒಂದು ಕಲ್ಲಿಂದ ಆಗುತ್ತಾ?

ಕಲ್ಲು ಕೊನೆಯಲ್ಲಿ ಬರುವುದು. ಅದಕ್ಕಿಂತ ಮುಂಚೆ ನಡೆದದ್ದು ಪತ್ರಿಕೆಯಲ್ಲಿ ಬರುವುದಿಲ್ಲ, ಅಷ್ಟೇ. ಹೋದ ವರ್ಷ ಇದೇ ದಾರಿಯಲ್ಲಿ ಮಾತಿಗೆ ಮಾತು ಬೆಳೆದಿರುತ್ತದೆ. ದೂರು ಕೊಟ್ಟರೂ ಯಾರೂ ಕರೆದು ಕೇಳಿರುವುದಿಲ್ಲ. ಎರಡೂ ಕಡೆಯ ಹುಡುಗರು ತಿಂಗಳುಗಟ್ಟಲೆ ಫೋನಿನಲ್ಲಿ ಒಬ್ಬರನ್ನೊಬ್ಬರು ಕೆಣಕಿಕೊಂಡಿರುತ್ತಾರೆ. ಇಷ್ಟೆಲ್ಲ ಆಗಿರುವ ಜಾಗದಲ್ಲಿ ಬಿದ್ದ ಕಲ್ಲಿಗೆ ಮಾತ್ರ ಅಷ್ಟು ಬಲ ಬರುತ್ತದೆ.

ಅಮೆರಿಕದಲ್ಲಿ 1967ರಲ್ಲಿ ಡೆಟ್ರಾಯಿಟ್, ನ್ಯೂವಾರ್ಕ್ ನಗರಗಳು ಹೊತ್ತಿ ಉರಿದಾಗ ಅಧ್ಯಕ್ಷ ಲಿಂಡನ್ ಜಾನ್ಸನ್ ಒಂದು ಆಯೋಗ ನೇಮಿಸಿದರು. ಕರ್ನರ್ ಆಯೋಗ ಅಂತ ಹೆಸರು. 1968ರಲ್ಲಿ ಅದು ಕೊಟ್ಟ ವರದಿಯ ತಿರುಳು ಇದೇ: ಯಾವ ಊರಲ್ಲೂ ಒಂದೇ ಘಟನೆಯಿಂದ ಗಲಭೆ ಆಗಿರಲಿಲ್ಲ. ಕೆಲಸ ಇಲ್ಲ, ವಾಸಕ್ಕೆ ಸರಿಯಾದ ಮನೆ ಇಲ್ಲ, ಪೊಲೀಸರಿಂದ ಅವಮಾನ, ಹೀಗೆ ಒಂದರ ಮೇಲೊಂದು ಸೇರಿಕೊಂಡು ಬಂದಿತ್ತು. ಕೊನೆಯ ಘಟನೆ ಬಹಳ ಸಲ ತೀರಾ ಚಿಕ್ಕದಾಗಿತ್ತು.

ಜನಕ್ಕೆ ಸಿಟ್ಟು ಬಂದ್ರೆ ಇನ್ನೇನ್ ಮಾಡ್ತಾರೆ? ಸಿಟ್ಟೇ ಕಾರಣ ಅಲ್ವಾ?

ಈ ಪ್ರಶ್ನೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಬಹಳ ಜನ ಇಲ್ಲೇ ದಾರಿ ತಪ್ಪುತ್ತಾರೆ. ಸಿಟ್ಟು ಎಲ್ಲ ಊರಲ್ಲೂ ಇರುತ್ತದೆ, ವರ್ಷವಿಡೀ ಇರುತ್ತದೆ. ಗಲಭೆ ಆಗುವುದು ಕೆಲವೇ ಊರಲ್ಲಿ, ಯಾವುದೋ ಒಂದು ದಿನ. ಹಾಗಾಗಿ ಸಿಟ್ಟು ಯಾಕೆ ಬಂತು ಅಂತ ಕೇಳಿದರಷ್ಟೇ ಸಾಲದು. ಇಲ್ಲೇ ಯಾಕೆ, ಅವತ್ತೇ ಯಾಕೆ ಅಂತಲೂ ಕೇಳಬೇಕು.

ಕಾವೇರಿಯನ್ನೇ ತೆಗೆದುಕೊಳ್ಳಿ. 1991ರ ಜೂನ್‌ನಲ್ಲಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ನಮ್ಮ ಸರ್ಕಾರ ಅದನ್ನು ಒಪ್ಪದೆ ಸುಗ್ರೀವಾಜ್ಞೆ ತಂದಿತು. ಸುಪ್ರೀಂ ಕೋರ್ಟ್ ಆ ಸುಗ್ರೀವಾಜ್ಞೆ ಸಂವಿಧಾನಕ್ಕೆ ವಿರುದ್ಧ ಅಂದಿತು. ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆದೇಶವನ್ನು ಗೆಜೆಟ್‌ನಲ್ಲಿ ಪ್ರಕಟಿಸಿದ ಕೂಡಲೇ ಬೆಂಗಳೂರು, ಮೈಸೂರುಗಳಲ್ಲಿ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿ ಆಯಿತು. ಜೀವಗಳು ಹೋದವು, ಸಾವಿರಾರು ಜನ ಮನೆ ಬಿಟ್ಟು ಹೊರಟರು. ಆ ಕಡೆ ತಮಿಳುನಾಡಿನಲ್ಲಿ ಕನ್ನಡಿಗರಿಗೂ ಇದೇ ಗತಿಯಾಯಿತು.

ಈಗ 2007ನ್ನು ನೋಡಿ. ಫೆಬ್ರುವರಿ 5ರಂದು ಅಂತಿಮ ತೀರ್ಪು ಬಂತು. ತಮಿಳುನಾಡಿಗೆ 419 ಟಿಎಂಸಿ, ನಮಗೆ 270. ಮಂಡ್ಯದಲ್ಲಿ ಸಿಟ್ಟೇನು ಕಡಿಮೆ ಇತ್ತಾ? ಇರಲಿಲ್ಲ. ಬಂದ್ ಆಯಿತು, ಧರಣಿ ಆಯಿತು, 1991ರ ಹಾಗೆ ಮನೆಗಳು ಮಾತ್ರ ಉರಿಯಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಒಂದೇ ವಾರದಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ನಡೆದವು. ಆಗಲೂ ಹೆಚ್ಚುಕಮ್ಮಿ ಶಾಂತವಾಗಿಯೇ ಮುಗಿಯಿತು. ನದಿ ಅದೇ, ಜನ ಅವರೇ. ಬದಲಾಗಿದ್ದು ತಯಾರಿ. ತೀರ್ಪು ಬರುವ ದಿನ ಮೊದಲೇ ಗೊತ್ತಿತ್ತು, ಬಂದೋಬಸ್ತ್ ಮೊದಲೇ ಆಗಿತ್ತು, ಎಲ್ಲಿ ಕಾವಲು ಬೇಕು ಅನ್ನುವುದು 1991ರ ಪೆಟ್ಟಿನಿಂದ ತಿಳಿದಿತ್ತು. ಸಿಟ್ಟನ್ನು ಹೊರಹಾಕಲು ಧರಣಿ, ಬಂದ್, ಪಾದಯಾತ್ರೆಯಂಥ ದಾರಿಗಳೂ ಅಷ್ಟೊತ್ತಿಗೆ ಗಟ್ಟಿಯಾಗಿದ್ದವು.

ಗುಂಪಿಗೆ ಬುದ್ಧಿ ಇರಲ್ಲ, ಹುಚ್ಚು ಹಿಡಿಯುತ್ತೆ. ಅಷ್ಟೇ ತಾನೇ?

ಗುಂಪು ಸೇರಿದರೆ ಮನುಷ್ಯ ಮೃಗವಾಗುತ್ತಾನೆ ಅಂತ ಫ್ರಾನ್ಸ್‌ನ ಗುಸ್ತಾವ್ ಲೆ ಬಾನ್ 1895ರಲ್ಲೇ ವಾದ ಮಾಡಿದ್ದರು. ಇವತ್ತಿಗೂ ನಮ್ಮಲ್ಲಿ ಎಷ್ಟೋ ಅಧಿಕಾರಿಗಳು ಅದನ್ನೇ ನಂಬಿದ್ದಾರೆ. ಅದು ನಿಜವಾಗಿದ್ದರೆ ಜಂಬೂಸವಾರಿ ದಿನ ಮೈಸೂರು ಉಳಿಯುತ್ತಿರಲಿಲ್ಲ. ಲಕ್ಷಾಂತರ ಜನ ಸಯ್ಯಾಜಿರಾವ್ ರಸ್ತೆಯ ಎರಡೂ ಬದಿ ಬೆಳಗ್ಗೆಯಿಂದ ಬಿಸಿಲಲ್ಲಿ ಕಾಯುತ್ತಾರೆ. ತಳ್ಳಾಟ ಇರುತ್ತದೆ, ಬೈಗುಳ ಇರುತ್ತದೆ. ಅಂಬಾರಿ ಹೋದ ಮೇಲೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಹೋಗುತ್ತಾರೆ.

ಗಲಭೆಯ ಗುಂಪೂ ಸಿಕ್ಕಸಿಕ್ಕದ್ದನ್ನೆಲ್ಲ ಹೊಡೆಯುವುದಿಲ್ಲ. 1980ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಒಂದು ಕೆಫೆಯ ಮೇಲೆ ಪೊಲೀಸ್ ದಾಳಿ ಆಗಿ, ಅದರಿಂದ ಗಲಭೆ ಎದ್ದಿತು. ಮನಃಶಾಸ್ತ್ರಜ್ಞ ಸ್ಟೀಫನ್ ರೈಷರ್ ಅದನ್ನು ಬಿಡಿಬಿಡಿಯಾಗಿ ಪರಿಶೀಲಿಸಿದರು. ಜನ ಪೊಲೀಸರ ಮೇಲೆ ಕಲ್ಲು ಎಸೆದರು, ಆದರೆ ರಸ್ತೆಯಲ್ಲಿ ಹೋಗುವ ಮಾಮೂಲಿ ವಾಹನಗಳಿಗೆ ದಾರಿ ಬಿಟ್ಟರು. ಪೊಲೀಸರು ಬಡಾವಣೆ ಬಿಟ್ಟು ಹೋದಾಗ ಅವರನ್ನು ಅಟ್ಟಿಸಿಕೊಂಡು ಗಡಿ ದಾಟಲಿಲ್ಲ. ಅಂದರೆ ಗುಂಪಿಗೆ ‘ನಾವು ಯಾರು, ಎದುರಾಳಿ ಯಾರು’ ಅನ್ನುವ ಲೆಕ್ಕ ಇರುತ್ತದೆ. ಭಯ ಹುಟ್ಟಿಸುವುದೂ ಆ ಲೆಕ್ಕವೇ. ನಮ್ಮ ಕಡೆ ಒಂದೇ ಸಾಲಿನ ಹತ್ತು ಅಂಗಡಿಯಲ್ಲಿ ಮೂರಕ್ಕೆ ಮಾತ್ರ ಬೆಂಕಿ ಬಿದ್ದಿದ್ದರೆ, ಅದು ಹುಚ್ಚಲ್ಲ, ಆಯ್ಕೆ.

ಒಳ್ಳೆ ಮನೆ ಹುಡುಗರೂ ಕಲ್ಲು ಹೊಡೀತಾರಲ್ಲ, ಅದು ಹೆಂಗೆ?

ಅಂಗಡಿ ಬೀದಿಯಲ್ಲಿ ಶಟರ್ ಇಳಿಯುವುದನ್ನು ನೋಡಿದ್ದೀರಾ? ಎಲ್ಲೋ ಏನೋ ಆಗಿದೆ ಅಂತ ಫೋನ್ ಬರುತ್ತದೆ. ಮೂಲೆಯ ಮೊಬೈಲ್ ಅಂಗಡಿಯವನು ಕಡ್ಡಿ ಹಾಕಿ ಅರ್ಧ ಶಟರ್ ಎಳೆಯುತ್ತಾನೆ. ಪಕ್ಕದ ಬಟ್ಟೆ ಅಂಗಡಿಯವರು ಹೊರಗೆ ಬಂದು ಆ ಅರ್ಧ ಶಟರ್ ನೋಡುತ್ತಾರೆ, ಗೊಂಬೆಗಳನ್ನು ಒಳಗೆ ಎತ್ತಿಡುತ್ತಾರೆ. ಐದು ನಿಮಿಷದಲ್ಲಿ ಇಡೀ ಬೀದಿ ಬಂದ್. ಏನಾಯಿತು ಅಂತ ಕೇಳಿದರೆ ಒಬ್ಬರಿಗೂ ಗೊತ್ತಿರುವುದಿಲ್ಲ. ಪಕ್ಕದವರು ಹಾಕಿದರು, ನಾವೂ ಹಾಕಿದೆವು.

ಕಲ್ಲಿನ ವಿಷಯವೂ ಹಾಗೇ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1978ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಒಬ್ಬ ಯಾರೂ ಹೊಡೆಯದಿದ್ದರೂ ಹೊಡೆಯುತ್ತಾನೆ. ಇನ್ನೊಬ್ಬ ಒಬ್ಬರಾದರೂ ಹೊಡೆದ ಮೇಲೆ ಹೊಡೆಯುತ್ತಾನೆ. ಮತ್ತೊಬ್ಬನಿಗೆ ಇಬ್ಬರು ಹೊಡೆಯುವುದು ಕಾಣಬೇಕು. ಹೀಗೆ ನೂರು ಜನ ಸಾಲಾಗಿದ್ದರೆ ನೂರೂ ಜನ ಹೊಡೆಯುತ್ತಾರೆ. ಆ ಸಾಲಿನ ಮೊದಲಲ್ಲಿ ಒಬ್ಬ ಹಿಂದೆ ಸರಿದರೆ ಅಲ್ಲಿಗೇ ನಿಲ್ಲುತ್ತದೆ, ಉಳಿದವರ ಮನಸ್ಸಲ್ಲಿ ಏನೂ ಬದಲಾಗದೆ ಇದ್ದರೂ. ಎರಡು ಊರಲ್ಲಿ ಅಷ್ಟೇ ಸಿಟ್ಟಿದ್ದು ಒಂದು ಹೊತ್ತಿಕೊಂಡು ಇನ್ನೊಂದು ತಣ್ಣಗೆ ಉಳಿಯುವುದಕ್ಕೆ ಇದೂ ಒಂದು ಕಾರಣ. ನಿಮ್ಮ ಮನೆಯ ಹುಡುಗ ಆ ಸಾಲಿನಲ್ಲಿ ಎಪ್ಪತ್ತನೆಯವನಿರಬಹುದು. ಕೆಟ್ಟವನಲ್ಲ, ಆದರೆ ಕಲ್ಲು ಅವನ ಕೈಯಲ್ಲೂ ಇತ್ತು.

ಕುಡಿದಿರ್ತಾರೆ, ಅದಕ್ಕೆ ಮಾಡ್ತಾರೆ. ಬೇರೆ ಕಾರಣ ಯಾಕೆ ಹುಡುಕಬೇಕು?

ಕುಡಿತ ಅಂಕೆ ತಪ್ಪಿಸುತ್ತದೆ, ನಿಜ. ಅದಕ್ಕೇ ವಿಸರ್ಜನೆ ದಿನ ಬಾರ್ ಮುಚ್ಚಿಸುತ್ತಾರೆ. ಮುಚ್ಚಿಸುವುದು ಒಳ್ಳೆಯದೇ. ಆದರೆ ಕುಡಿದವರು ದಿನಾ ಇರುತ್ತಾರೆ, ದಿನಾ ಗಲಭೆ ಆಗಲ್ಲ.

ಕೆಲಸ ಇಲ್ಲದ ಹುಡುಗರು ಜಾಸ್ತಿ ಆಗಿದ್ದೇ ಮೂಲ ಅಂತೀನಿ ನಾನು. ಒಪ್ತೀರಾ?

ಅರ್ಧ ಒಪ್ಪುತ್ತೇನೆ. ಎರಡು ಎಕರೆ ಕಬ್ಬಿನ ಗದ್ದೆ ಇಬ್ಬರು ಅಣ್ಣತಮ್ಮಂದಿರಿಗೆ ಹಂಚಿಹೋಗಿ, ಡಿಗ್ರಿ ಮುಗಿಸಿದ ಹುಡುಗ ಊರಲ್ಲೂ ನಿಲ್ಲಲಾರದೆ ಬೆಂಗಳೂರಲ್ಲೂ ನೆಲೆ ಕಾಣದೆ ಇರುವುದು ಮಂಡ್ಯದಲ್ಲಿ ಮನೆಮನೆ ಕತೆ. ಅಂಥವನಿಗೆ ಒಂದು ಸಂಘ, ಒಂದು ಶಾಲು, ‘ಅಣ್ಣ’ ಅಂತ ಕರೆಸಿಕೊಳ್ಳುವ ಮರ್ಯಾದೆ ಸಿಕ್ಕರೆ ಹೋಗುತ್ತಾನೆ. ಕೆಲಸವಿಲ್ಲದವನ ಕೈಯಲ್ಲಿ ಬೇಕಾದಷ್ಟು ಹೊತ್ತಿರುತ್ತದೆ, ಕಳೆದುಕೊಳ್ಳುವುದು ಕಡಿಮೆ ಇರುತ್ತದೆ.

ಆದರೆ ಬಡತನ ಜಾಸ್ತಿ ಇರುವ ಊರಲ್ಲೇ ಗಲಭೆ ಜಾಸ್ತಿ ಅನ್ನುವುದಕ್ಕೆ ಆಧಾರ ಇಲ್ಲ. ಹೊಟ್ಟೆಗಿಲ್ಲದ್ದಕ್ಕಿಂತ, ಸಿಗಬೇಕಾದ್ದು ಸಿಗಲಿಲ್ಲ, ನಮಗೆ ಸಿಗದ್ದು ಅವರಿಗೆ ಸಿಕ್ಕಿತು ಅನ್ನುವ ಸಂಕಟ ಹೆಚ್ಚು ಕೆಲಸ ಮಾಡುತ್ತದೆ.

## ನಮ್ಮ ಕಡೆಯ ಪ್ರಶ್ನೆಗಳು

ಯಾವಾಗ್ಲೂ ಮೆರವಣಿಗೆ ಟೈಮಲ್ಲೇ ಯಾಕೆ?

ಮೆರವಣಿಗೆ ಅಂದರೆ ಜನ, ಸದ್ದು, ದಾರಿ ಮೂರೂ ಒಟ್ಟಿಗೆ. ನಾಗಮಂಗಲದಲ್ಲಿ 2024ರ ಸೆಪ್ಟೆಂಬರ್ 11ರ ಸಂಜೆ ಗಣೇಶನ ಮೆರವಣಿಗೆ ಮೈಸೂರು ರಸ್ತೆಯ ದರ್ಗಾ ಹತ್ತಿರ ಬಂದಾಗ ಜಗಳ ಹತ್ತಿತು. ಕಲ್ಲು ತೂರಾಟ ಆಯಿತು, ಆಮೇಲೆ ಅಂಗಡಿ, ವಾಹನಗಳಿಗೆ ಬೆಂಕಿ ಬಿತ್ತು. ಮರುವರ್ಷ 2025ರ ಸೆಪ್ಟೆಂಬರ್ 7ರಂದು ಮದ್ದೂರಿನಲ್ಲೂ ಗಣೇಶ ವಿಸರ್ಜನೆ ಮೆರವಣಿಗೆಯ ಮೇಲೆ ಕಲ್ಲು ಬಿತ್ತು. ಮೆರವಣಿಗೆ ದೇವರದ್ದಾದರೂ ರಸ್ತೆಯ ಪ್ರಶ್ನೆ ಬೇರೆ. ಈ ರಸ್ತೆ ಯಾರದು, ಎಷ್ಟು ಹೊತ್ತು ಯಾರು ನಿಲ್ಲಬಹುದು, ಯಾರ ಬಾಗಿಲ ಮುಂದೆ ಯಾವ ಘೋಷಣೆ ಕೂಗಬಹುದು ಅನ್ನುವ ಪೈಪೋಟಿ ಅಲ್ಲಿ ಎದುರುಬದುರಾಗಿ ನಿಲ್ಲುತ್ತದೆ. ಕಲ್ಲು ಎಸೆದವನ ತಪ್ಪನ್ನು ಅದು ಕಡಿಮೆ ಮಾಡುವುದಿಲ್ಲ. ಹತ್ತು ನಿಮಿಷ ಬೇಕೆಂದೇ ನಿಲ್ಲಿಸಿ ಡಿಜೆ ಸದ್ದು ಏರಿಸಿದವನ ತಪ್ಪನ್ನೂ ಕಡಿಮೆ ಮಾಡುವುದಿಲ್ಲ.

ಇನ್ನೊಂದು ವಿಷಯಕ್ಕೆ ಯಾರೂ ಗಮನ ಕೊಡಲ್ಲ. 2023, 2024, 2025, ಈ ಮೂರೂ ವರ್ಷ ಗಣೇಶ ಚತುರ್ಥಿ ಆಗಿ ಒಂಬತ್ತು ಹತ್ತು ದಿನಕ್ಕೆ ಈದ್ ಮಿಲಾದ್ ಬಂತು. ಅಂದರೆ ಒಂದೇ ವಾರ, ಒಂದೇ ಬೀದಿ, ಎರಡು ಮೆರವಣಿಗೆ, ಎರಡು ಥರದ ಬಾವುಟ. ಹಿಜರಿ ವರ್ಷ ಪ್ರತಿ ಸಲ ಸುಮಾರು 11 ದಿನ ಹಿಂದೆ ಬರುತ್ತದೆ. ನಮ್ಮ ಚಾಂದ್ರಮಾನದಲ್ಲಿ ಅಧಿಕ ಮಾಸ ಬಂದು ಸರಿಹೋಗುತ್ತದೆ. ಹಾಗಾಗಿ ಸುಮಾರು 32–33 ವರ್ಷಕ್ಕೊಮ್ಮೆ ಈ ಎರಡು ಹಬ್ಬ ಹೀಗೆ ಕೆಲವು ವರ್ಷ ಅಕ್ಕಪಕ್ಕ ಬರುತ್ತವೆ. ಪಂಚಾಂಗ ನೋಡಿದರೆ ಮುಂಚೆಯೇ ಗೊತ್ತಾಗುವ ಸಂಗತಿ. ದಾರಿ ಮತ್ತು ಸಮಯದ ಮಾತುಕತೆಯನ್ನು ಹಬ್ಬದ ಹಿಂದಿನ ವಾರಕ್ಕೆ ಇಟ್ಟುಕೊಳ್ಳುವುದು ತಪ್ಪು. ಆಷಾಢದಲ್ಲೇ ಕೂರಬೇಕು.

ವಾಟ್ಸಾಪ್ ಇಲ್ದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ ಅಲ್ವಾ?

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಶಾಲೆಯ ಆವರಣದ ಗಣಪತಿ ವಿಗ್ರಹದ ತಕರಾರಿನಿಂದ ಗಲಭೆ ಆಗಿದ್ದು 1928ರಲ್ಲಿ. ಮಿರ್ಜಾ ಇಸ್ಮಾಯಿಲ್ ಆಗ ದಿವಾನರು. ಅದರ ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಆವಾಗ ಎಲ್ಲಿತ್ತು ವಾಟ್ಸಾಪ್? ಸುದ್ದಿ ಬಾಯಿಂದ ಬಾಯಿಗೆ ಹೋಗಿತ್ತು.

ಫೋನು ಬದಲಾಯಿಸಿರುವುದು ವೇಗವನ್ನು. ಮೊದಲು ಗಾಳಿಸುದ್ದಿ ಮುಂದಿನ ಊರಿಗೆ ಹೋಗುವಷ್ಟರಲ್ಲಿ ದೊಡ್ಡವರು ಒಬ್ಬಿಬ್ಬರು ಸೇರಿ ಸುಳ್ಳೋ ನಿಜವೋ ಅಂತ ವಿಚಾರಿಸಲು ಹೊತ್ತು ಸಿಗುತ್ತಿತ್ತು. ಈಗ ಸಿಗಲ್ಲ. 2025ರ ಫೆಬ್ರುವರಿ 10ರ ರಾತ್ರಿ ಮೈಸೂರಿನ ಉದಯಗಿರಿ ಪೊಲೀಸ್ ಠಾಣೆಯ ಮೇಲೆ ಕಲ್ಲು ತೂರಿದ್ದು ಸಾಮಾಜಿಕ ಜಾಲತಾಣದ ಒಂದು ಪೋಸ್ಟಿನ ವಿಷಯಕ್ಕೆ. ಪೋಸ್ಟ್ ಹಾಕಿದವನನ್ನು ಪೊಲೀಸರು ಅಷ್ಟೊತ್ತಿಗೆ ಹಿಡಿದು ತಂದಾಗಿತ್ತು. ಕಾನೂನು ತನ್ನ ಕೆಲಸ ಶುರು ಮಾಡಿದ ಮೇಲೂ ಜನ ಸೇರಿದರು.

ಸುಳ್ಳು ಸುದ್ದಿಗೆ ಕೆಲವು ಗುರುತುಗಳಿವೆ. ಕಳಿಸಿದವರ ಹೆಸರಿರಲ್ಲ. ‘ನಮ್ಮವನನ್ನು ಕೊಂದಿದ್ದಾರೆ’ ಅಂತಿರುತ್ತದೆ, ಎಲ್ಲಿ, ಯಾರನ್ನು ಅಂತ ಇರಲ್ಲ. ಅಳುವ ದನಿಯ ಆಡಿಯೊ ಇರುತ್ತದೆ. ‘ಟಿವಿಯವರು ತೋರಿಸಲ್ಲ, ನೀವೇ ಹಂಚಿ’ ಅಂತ ಕೊನೆಯಲ್ಲಿ ಬರುತ್ತದೆ. ಇಷ್ಟೂ ಇದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ.

2016ರಲ್ಲಿ ನೀರು ಕಳಕೊಂಡವರು ನಾವು ಮಂಡ್ಯದವರು. ಬಸ್ ಸುಟ್ಟಿದ್ದು ಬೆಂಗಳೂರಲ್ಲಿ. ಇದ್ಯಾವ ಸೀಮೆ ನ್ಯಾಯ?

ನೀವು ಕೇಳಿದ್ದು ತುಂಬಾ ಮುಖ್ಯವಾದ ಪ್ರಶ್ನೆ. ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ದಿನಕ್ಕೆ 15,000 ಕ್ಯುಸೆಕ್‌ನಂತೆ 10 ದಿನ ತಮಿಳುನಾಡಿಗೆ ಕಾವೇರಿ ನೀರು ಬಿಡಲು ಹೇಳಿತು. 12ರಂದು ಅದನ್ನು 12,000ಕ್ಕೆ ಇಳಿಸಿ, 20ರವರೆಗೆ ಮುಂದುವರಿಸಿತು. ಅದೇ 12ರಂದು ಬೆಂಗಳೂರಿನ ಒಂದು ಡಿಪೋದಲ್ಲಿ ತಮಿಳುನಾಡಿನ ಖಾಸಗಿ ಕಂಪನಿಯ ಹತ್ತಾರು ಬಸ್ಸುಗಳು ಸುಟ್ಟು ಬೂದಿಯಾದವು. 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಬೇಕಾಯಿತು.

ಮಂಡ್ಯದಲ್ಲೂ ಕಲ್ಲು ಬಿದ್ದವು, ಅದನ್ನು ಮುಚ್ಚಿಡುವುದು ಬೇಡ. ಆದರೆ ನಾಲೆಗೆ ನೀರು ಬರದಿದ್ದರೆ ಭತ್ತದ ಒಟ್ಲು (ಸಸಿಮಡಿ) ಒಣಗಿ ಹೋಗುವ ರೈತ ಹೆಚ್ಚಾಗಿ ಹೆದ್ದಾರಿಯಲ್ಲಿ ಕೂತಿದ್ದ, ಕನ್ನಂಬಾಡಿ ಕಡೆ ನಡೆದಿದ್ದ. ಅವನಿಗೆ ಸಂಘ ಇತ್ತು. ಜಿ. ಮಾದೇಗೌಡರಂಥ, ಎಲ್ಲರೂ ಮಾತು ಕೇಳುವ ಹಿರಿಯರಿದ್ದರು. ಏನು ಬೇಕು ಅಂತ ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು: ನೀರು. ಬಸ್ಸು ಸುಟ್ಟರೆ ಅಣೆಕಟ್ಟೆಗೆ ಒಂದು ಅಡಿ ನೀರೂ ಬರಲ್ಲ ಅಂತಲೂ ಗೊತ್ತಿತ್ತು.

ಬೆಂಗಳೂರಿನಲ್ಲಿ ಅವತ್ತು ಟಿವಿಯಲ್ಲಿ, ಫೋನಿನಲ್ಲಿ ಓಡಾಡಿದ್ದು ನೀರಿನ ಸುದ್ದಿಗಿಂತ ಹೊಡೆತದ ವಿಡಿಯೊಗಳು. ಚೆನ್ನೈನಲ್ಲಿ ಕನ್ನಡಿಗರ ಹೋಟೆಲಿಗೆ ನುಗ್ಗಿದ್ದು, ರಾಮೇಶ್ವರದಲ್ಲಿ ನಮ್ಮವರನ್ನು ಹೊಡೆದದ್ದು. ವಿಷಯ ಟಿಎಂಸಿಯಿಂದ ಮರ್ಯಾದೆಗೆ ಬಂದು ನಿಂತಿತು. ನೀರಿನ ವಿಷಯವನ್ನು ಕೂತು ಮಾತಾಡಬಹುದು. ಮರ್ಯಾದೆ ಅಂತ ಬಂದರೆ ಮಾತಾಡಿದವನೇ ಹೇಡಿ ಅನ್ನಿಸಿಕೊಳ್ಳುತ್ತಾನೆ.

ಅಣ್ಣಾವ್ರು ಹೋದಾಗ ಯಾಕೆ ಗಲಾಟೆ ಆಯ್ತು? ದುಃಖಕ್ಕೂ ಬೆಂಕಿ ಹಚ್ತಾರಾ?

2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡರು. ಮುಖ ನೋಡಲು ಬಂದ ಜನಕ್ಕೆ ಮುಖ ಕಾಣಲಿಲ್ಲ. ಎಲ್ಲಿ ದರ್ಶನ, ಎಷ್ಟು ಹೊತ್ತು ಅಂತ ಸರಿಯಾಗಿ ಹೇಳುವವರೂ ಇರಲಿಲ್ಲ. ಆ ಗಲಭೆಯಲ್ಲಿ ಹಲವರು ಸತ್ತರು, ಅವರಲ್ಲಿ ಜನ ಹೊಡೆದು ಕೊಂದ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಕೂಡ ಇದ್ದರು. ದುಃಖ ಹಿಂಸೆಗೆ ತಿರುಗಿದ್ದು ಬಾಗಿಲು ಮುಚ್ಚಿದ್ದರಿಂದ, ಸುದ್ದಿ ಹೇಳುವವರಿಲ್ಲದ್ದರಿಂದ. 2021ರ ಅಕ್ಟೋಬರ್‌ನಲ್ಲಿ ಪುನೀತ್ ತೀರಿಕೊಂಡಾಗ ಕಂಠೀರವ ಕ್ರೀಡಾಂಗಣದಲ್ಲಿ ದರ್ಶನಕ್ಕೆ ಸಾಲು ಮಾಡಿದರು, ಲಕ್ಷಾಂತರ ಜನ ನೋಡಿಕೊಂಡು ಅತ್ತು ಹೋದರು. ಅಪ್ಪನ ಹೊತ್ತಿನಲ್ಲಿ ಆದದ್ದು ಮಗನ ಹೊತ್ತಿನಲ್ಲಿ ಆಗಲಿಲ್ಲ.

ಊರೊಳಗಿನ ಜಾತಿ ಜಗಳಾನೂ ಇದೇ ಲೆಕ್ಕಕ್ಕೆ ಬರುತ್ತಾ?

ಎರಡು ಕಡೆಯವರೂ ಹೊಡೆದಾಡಿದರೆ ಗಲಭೆ. ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಅಡಗಿಸಲು ಹೊಡೆದರೆ ಅದನ್ನು ‘ಎರಡು ಗುಂಪಿನ ಘರ್ಷಣೆ’ ಅಂತ ಬರೆಯುವುದು ಅನ್ಯಾಯ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದಲಿತರ ದೇವಸ್ಥಾನ ಪ್ರವೇಶದ ತಕರಾರಿನ ನಂತರ, 1993ರ ಮಾರ್ಚ್‌ನಲ್ಲಿ ಮೂವರು ದಲಿತರ ಕೊಲೆಯಾಯಿತು. ಗಾಂಧೀಜಿ ಬಂದು ಹೋಗಿದ್ದ ಖಾದಿಯ ಊರು ಅದು. ಅಲ್ಲಿ ಸಿಟ್ಟು ಹುಟ್ಟಿದ್ದು ಏನೋ ಕಳೆದುಕೊಂಡಿದ್ದರಿಂದಲ್ಲ. ತಲೆ ತಗ್ಗಿಸಿ ನಡೆಯುತ್ತಿದ್ದವರು ತಲೆ ಎತ್ತಿದರಲ್ಲ ಅಂತ. ಹಿಂಸೆಯ ಕಾರಣಗಳಲ್ಲಿ ಇದೂ ಒಂದು, ಮತ್ತು ಇದನ್ನು ಹೆಸರು ಹಿಡಿದು ಹೇಳಲು ನಮ್ಮಲ್ಲಿ ಬಹಳ ಜನ ಹಿಂಜರಿಯುತ್ತಾರೆ.

## ಕಷ್ಟದ ಪ್ರಶ್ನೆಗಳು

ಇದೆಲ್ಲಾ ಮೊದ್ಲೇ ಪ್ಲಾನ್ ಮಾಡಿದ್ದೋ, ತಾನಾಗಿ ಆಗಿದ್ದೋ?

ಪ್ರತಿ ಗಲಭೆ ಆದಾಗಲೂ ಅಧಿಕಾರದಲ್ಲಿರುವವರು ‘ಆಕಸ್ಮಿಕ’ ಅನ್ನುತ್ತಾರೆ, ವಿರೋಧ ಪಕ್ಷದವರು ‘ಪೂರ್ವಯೋಜಿತ’ ಅನ್ನುತ್ತಾರೆ. ಸರ್ಕಾರ ಬದಲಾದರೆ ಮಾತೂ ಬದಲಾಗುತ್ತದೆ. ನಿಜ ಬಹಳ ಸಲ ಎರಡರ ನಡುವೆ ಇರುತ್ತದೆ. ಇಂಥ ದಿನ ಇಷ್ಟು ಗಂಟೆಗೆ ಅಂತ ಯಾರೂ ಬರೆದಿಟ್ಟಿರಲಾರರು. ಆದರೆ ಸಂದರ್ಭ ಬಂದರೆ ಬಳಸಿಕೊಳ್ಳಲು ತಯಾರಾಗಿ ಕಾಯುವವರು ಇರುತ್ತಾರೆ. ಯಾರ ಅಂಗಡಿ ಯಾವುದು ಅಂತ ಗೊತ್ತಿರುವವರು, ಹುಡುಗರನ್ನು ಹತ್ತು ನಿಮಿಷದಲ್ಲಿ ಸೇರಿಸಬಲ್ಲವರು, ಮರುದಿನ ಜಾಮೀನಿಗೆ ವಕೀಲರನ್ನು ಹೊಂದಿಸಬಲ್ಲವರು.

ತನಿಖೆಯಲ್ಲಿ ನೋಡಬೇಕಾದ್ದು ಇವು: ಪೆಟ್ರೋಲ್ ಬಾಟಲಿ ಎಲ್ಲಿಂದ ಬಂತು? ಮುಖಕ್ಕೆ ಬಟ್ಟೆ ಕಟ್ಟಿದವರು ಎಷ್ಟೊತ್ತಿಗೆ ಬಂದರು? ಮೊದಲ ಕಲ್ಲಿಗೂ ಮೊದಲ ಬೆಂಕಿಗೂ ನಡುವೆ ಎಷ್ಟು ಹೊತ್ತು ಆಯಿತು, ಆ ಹೊತ್ತಿನಲ್ಲಿ ಯಾರು ಯಾರಿಗೆ ಫೋನ್ ಮಾಡಿದರು?

ಎಲೆಕ್ಷನ್‌ಗೂ ಇದಕ್ಕೂ ಸಂಬಂಧ ಇದೆ ಅಂತಾರಲ್ಲ?

ಇದೆ. ರಾಜಕೀಯ ಶಾಸ್ತ್ರಜ್ಞ ಸ್ಟೀವನ್ ವಿಲ್ಕಿನ್ಸನ್ ಭಾರತದ ಗಲಭೆಗಳ ಅಂಕಿಅಂಶ ಇಟ್ಟುಕೊಂಡು ಇದನ್ನು ನೋಡಿದ್ದಾರೆ. ಗೆಲುವು ಸೋಲಿನ ಅಂತರ ಕಡಿಮೆ ಇರುವ ಊರಲ್ಲಿ, ಧರ್ಮದ ಹೆಸರಲ್ಲಿ ಮತ ಒಂದಾದರೆ ಯಾರಿಗೆ ಲಾಭವೋ ಅವರಿಗೆ ಗಲಾಟೆ ಬೇಕಾಗಿರುತ್ತದೆ. ನಿಲ್ಲಿಸುವುದು ರಾಜ್ಯ ಸರ್ಕಾರದ ಕೈಯಲ್ಲಿದೆ. ಅಲ್ಪಸಂಖ್ಯಾತರ ಮತ ಬೇಕಿರುವ ಸರ್ಕಾರ ಪೊಲೀಸರಿಗೆ ನಿಲ್ಲಿಸಿ ಅನ್ನುತ್ತದೆ, ನಿಲ್ಲುತ್ತದೆ. ಹಳೇ ಮೈಸೂರು ಭಾಗದಲ್ಲಿ ಪಕ್ಷಗಳ ಪೈಪೋಟಿ ಜಾಸ್ತಿ ಆಗುತ್ತಿರುವ ಈ ಹೊತ್ತಿನಲ್ಲಿ ಇದನ್ನು ಮನಸ್ಸಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಪೊಲೀಸರು ಮನಸ್ಸು ಮಾಡಿದ್ರೆ ಒಂದು ಗಂಟೇಲಿ ನಿಲ್ಲಿಸ್ತಾರೆ. ಹೌದೋ ಅಲ್ವೋ?

ನಿಲ್ಲಿಸಲೂ ಬಹುದು, ಹೆಚ್ಚಿಸಲೂ ಬಹುದು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಬಾರದು ಅಂತ ನಿಷೇಧಾಜ್ಞೆ ಇತ್ತು. ಸಾವಿರಾರು ಜನ ಸೇರಿದರು, ಟಿ. ಸಿದ್ಧಲಿಂಗಯ್ಯನವರು ಧ್ವಜ ಹಾರಿಸಿದರು, ಬಂಧನವಾಯಿತು. ರಕ್ತ ಹರಿಯಲಿಲ್ಲ. ಅದೇ ತಿಂಗಳ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಅದೇ ಧ್ವಜ, ಅದೇ ನಿಷೇಧ. ಅಲ್ಲಿ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಎರಡೂ ಊರಿನ ಜನರ ಕೆಚ್ಚು ಒಂದೇ ಆಗಿತ್ತು.

ತಪ್ಪು ಮಾಡಿದ ಹತ್ತು ಜನರನ್ನು ಬಿಟ್ಟು ನಿಂತಿದ್ದ ನೂರು ಜನರ ಮೇಲೂ ಲಾಠಿ ಬೀಸಿದರೆ, ಅಲ್ಲಿಯವರೆಗೆ ಸುಮ್ನೆ ನೋಡುತ್ತಿದ್ದವರೂ ಆ ಹತ್ತು ಜನರ ಪಕ್ಷ ಸೇರುತ್ತಾರೆ. ಇನ್ನೊಂದು ಅತಿ ಅಂದರೆ ಕಣ್ಣೆದುರು ಅಂಗಡಿ ಒಡೆಯುತ್ತಿದ್ದರೂ ಮೇಲಿನ ಆದೇಶಕ್ಕೆ ಕಾಯುತ್ತಾ ನಿಲ್ಲುವುದು. ಮೊದಲ ಅರ್ಧ ಗಂಟೆ ಕಳೆದುಹೋದರೆ ಆಮೇಲೆ ಮೀಸಲು ಪಡೆಯ ಎಷ್ಟು ತುಕಡಿ ಬಂದರೂ ಬೂದಿಗೆ ಕಾವಲು ಅಷ್ಟೇ. ನಾಗಮಂಗಲದ ಘಟನೆಯ ನಂತರ ಇನ್‌ಸ್ಪೆಕ್ಟರ್ ಅಮಾನತಾದರು. ಒಬ್ಬ ಅಧಿಕಾರಿಯನ್ನು ಅಮಾನತು ಮಾಡುವುದು ಸುಲಭ. ಹಬ್ಬದ ದಿನ ಆ ಸ್ಟೇಷನ್ನಿಗೆ ಎಷ್ಟು ಸಿಬ್ಬಂದಿ ಕೊಟ್ಟಿದ್ದರು ಅಂತ ಕೇಳುವುದು ಅದಕ್ಕಿಂತ ಮುಖ್ಯ.

ಒಂದು ಊರಲ್ಲಿ ಆಗುತ್ತೆ, ಪಕ್ಕದ ಊರಲ್ಲಿ ಆಗಲ್ಲ. ಅಲ್ಲಿ ಜನ ಒಳ್ಳೆಯವರಾ?

ಜನ ಎಲ್ಲ ಕಡೆ ಒಂದೇ. ರಾಜಕೀಯ ಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಅವರು 1950ರಿಂದ 1995ರವರೆಗಿನ ಹಿಂದೂ-ಮುಸ್ಲಿಂ ಗಲಭೆಗಳ ಲೆಕ್ಕ ತೆಗೆದಾಗ ಕಂಡದ್ದು ಇದು: ಸತ್ತವರಲ್ಲಿ ಸುಮಾರು 46% ಜನ ಬರೀ 8 ನಗರಗಳವರು. ಹಳ್ಳಿಗಳ ಪಾಲು 4%ಕ್ಕಿಂತ ಕಡಿಮೆ. ಉತ್ತರ ಪ್ರದೇಶದ ಅಲಿಗಢ ಮತ್ತೆ ಮತ್ತೆ ಉರಿಯಿತು, ಕೇರಳದ ಕೋಯಿಕ್ಕೋಡ್ ಉರಿಯಲಿಲ್ಲ. ಎರಡೂ ಕಡೆ ಎರಡೂ ಧರ್ಮದವರ ಪ್ರಮಾಣ ಹತ್ತಿರಹತ್ತಿರ ಒಂದೇ ಇತ್ತು. ಕೋಯಿಕ್ಕೋಡ್‌ನಲ್ಲಿ ವ್ಯಾಪಾರಿಗಳ ಸಂಘ, ಕಾರ್ಮಿಕರ ಸಂಘ, ಓದುಗರ ಕೂಟ ಎಲ್ಲದರಲ್ಲೂ ಇಬ್ಬರೂ ಇದ್ದರು. ಗಾಳಿಸುದ್ದಿ ಬಂದರೆ ಫೋನ್ ಮಾಡಿ ಕೇಳಲು ಆ ಕಡೆ ಒಬ್ಬರು ಪರಿಚಯದವರು ಇರುತ್ತಿದ್ದರು.

ನಮ್ಮ ಕಡೆ ಇದಕ್ಕೆ ಒಳ್ಳೆಯ ಉದಾಹರಣೆ ರೇಷ್ಮೆ. ಗೂಡು ಬೆಳೆಯುವ ರೈತ ಹೆಚ್ಚಾಗಿ ಒಕ್ಕಲಿಗ, ಗೂಡು ಕೊಂಡು ನೂಲು ತೆಗೆಯುವ ರೀಲರ್ ಹೆಚ್ಚಾಗಿ ಮುಸ್ಲಿಂ. ರಾಮನಗರದ ಮಾರುಕಟ್ಟೆಯಲ್ಲಿ ರೀಲರ್ ಜಾಲರಿಯಿಂದ ಒಂದು ಹಿಡಿ ಗೂಡು ತೆಗೆದು, ಹಿಸುಕಿ ನೋಡಿ ದರ ಕಟ್ಟುತ್ತಾನೆ. ರೈತ ಬೈಯುತ್ತಾನೆ. ಮುಂದಿನ ಬೆಳೆಗೆ ಮತ್ತೆ ಅವರಿಬ್ಬರೇ ಎದುರುಬದುರು. ದರಕ್ಕೆ ಜಗಳ ದಿನಾ ಇದೆ. ಇಬ್ಬರಿಗೂ ನಾಳೆ ಒಬ್ಬರಿಗೊಬ್ಬರು ಬೇಕು ಅನ್ನುವುದೂ ಇದೆ. ಹೊಸ ಬಡಾವಣೆಗಳಲ್ಲಿ ಇಂಥ ನಂಟು ಇಲ್ಲ. ಬರೀ ಹಬ್ಬಕ್ಕೆ ಕೈಕುಲುಕುವ ಸ್ನೇಹ ಗಲಭೆಯ ರಾತ್ರಿ ನಿಲ್ಲುವುದಿಲ್ಲ.

ಶಾಂತಿ ಸಭೆ ಮಾಡಿ ಏನ್ ಪ್ರಯೋಜನ? ಬರೀ ಟೀ ಬಿಸ್ಕತ್ತು.

ಸ್ಟೇಷನ್ ಆವರಣದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿರುತ್ತಾರೆ. ಮುಂದಿನ ಸಾಲಿನಲ್ಲಿ ಎರಡೂ ಕಡೆಯ ಯಜಮಾನರು, ಮಾಜಿ ಪುರಸಭಾ ಸದಸ್ಯರು. ‘ನಾವೆಲ್ಲ ಅಣ್ಣತಮ್ಮಂದಿರ ಹಾಗೆ ಬಾಳಿದ್ದೀವಿ’ ಅಂತ ಎಲ್ಲರೂ ಹೇಳುತ್ತಾರೆ, ಮನಸ್ಸಾರೆ ಹೇಳುತ್ತಾರೆ. ಡಿಜೆ ಬುಕ್ ಮಾಡಿದ ಹುಡುಗ ಅಲ್ಲಿರಲ್ಲ. ಬಾವುಟ ಕಟ್ಟುವ ಹುಡುಗನೂ ಇರಲ್ಲ. ಹೆಂಗಸರಂತೂ ಒಬ್ಬರೂ ಇರಲ್ಲ.

ಆದರೂ ಸಭೆ ಬೇಕು, ಬೇರೆ ಥರ ಬೇಕು. ಎರಡೂ ಕಡೆಯ ಹುಡುಗರನ್ನು ಕೂರಿಸಿ, ದಾರಿಯನ್ನು ಕಾಗದದ ಮೇಲೆ ಬರೆದು, ಎಲ್ಲಿ ಡೋಲು ನಿಲ್ಲಬೇಕು, ಎಷ್ಟು ಗಂಟೆಗೆ ದಾಟಬೇಕು, ಜಗಳ ಹತ್ತಿದರೆ ಯಾರು ಯಾರಿಗೆ ಫೋನ್ ಮಾಡಬೇಕು ಅಂತ ಹೆಸರು, ನಂಬರ್ ಸಮೇತ ಒಪ್ಪಿಕೊಳ್ಳಬೇಕು.

ಕೇಸ್ ಹಾಕ್ತಾರೆ, ಆಮೇಲೆ ವಾಪಸ್ ತಗೋತಾರೆ. ಹಿಂಗಾದ್ರೆ ಯಾರಿಗೆ ಭಯ ಇರುತ್ತೆ?

ಶಿಕ್ಷೆ ಆಗಲ್ಲ ಅನ್ನುವ ಧೈರ್ಯವೂ ಗಲಭೆಯ ಮೂಲ ಕಾರಣಗಳಲ್ಲೊಂದು. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಹುಬ್ಬಳ್ಳಿಯ 2022ರ ಗಲಭೆ ಪ್ರಕರಣವೂ ಸೇರಿ 43 ಪ್ರಕರಣ ವಾಪಸ್ ಪಡೆಯಲು ತೀರ್ಮಾನಿಸಿತು. 2025ರ ಮೇನಲ್ಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಬೇರೆ ಪಕ್ಷದ ಸರ್ಕಾರಗಳೂ ತಮ್ಮವರ ಮೇಲಿನ ಕೇಸು ಹಿಂದಕ್ಕೆ ಪಡೆದಿವೆ.

ಇದರ ಇನ್ನೊಂದು ಮುಖ ಇನ್ನೂ ಕೆಟ್ಟದು. ನ್ಯಾಯ ಸಂಹಿತೆಯ 190ನೇ ಸೆಕ್ಷನ್ ಪ್ರಕಾರ ಗುಂಪಿನ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಗುಂಪಿನ ಎಲ್ಲರೂ ಹೊಣೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ವಿಡಿಯೊದಲ್ಲಿ ಮುಖ ಕಂಡ ಹುಡುಗ ಸಿಕ್ಕಿಬೀಳುತ್ತಾನೆ, ಬೆಂಕಿ ಹಚ್ಚಿಸಿದವನು ಮನೆಯಲ್ಲಿರುತ್ತಾನೆ. ಆ ಹುಡುಗನಿಗೆ ಪಾಸ್‌ಪೋರ್ಟ್ ಪರಿಶೀಲನೆಗೂ ತೊಂದರೆ, ಸರ್ಕಾರಿ ಕೆಲಸಕ್ಕೂ ತೊಂದರೆ. ವಾಯಿದೆಗೆ ಅಲೆಯುವುದು ಅವರಮ್ಮ.

ಕಾರಣ ಹುಡುಕೋದು ಅಂದ್ರೆ ತಪ್ಪು ಮಾಡಿದವರಿಗೆ ನೆಪ ಹುಡುಕಿ ಕೊಟ್ಟ ಹಾಗಲ್ವಾ?

ಈ ಮಾತನ್ನು ಅಂಗಡಿ ಸುಟ್ಟುಹೋದವರು ಕೇಳಿದಾಗ ನನಗೆ ಉತ್ತರ ಸುಲಭವಾಗಿ ಬರುವುದಿಲ್ಲ. ಅವರ ನಷ್ಟದ ಮುಂದೆ ವಿವರಣೆ ಹಗುರ ಅನ್ನಿಸುತ್ತದೆ. ಆದರೂ ನನ್ನ ನಿಲುವು ಇದು: ಕಲ್ಲು ಎಸೆದವನ ಹೊಣೆ ಅವನದೇ, ಒಂದು ಗುಲಗಂಜಿಯಷ್ಟೂ ಕಡಿಮೆ ಆಗಲ್ಲ. ಅದೇ ಸಂಕಟ, ಅದೇ ಅವಮಾನ ಇದ್ದ ಸಾವಿರ ಜನ ಕಲ್ಲು ಎತ್ತಿಕೊಂಡಿರುವುದಿಲ್ಲ. ಆದರೆ ಅವನೊಬ್ಬನನ್ನೇ ಜೈಲಿಗೆ ಹಾಕಿ ಮಿಕ್ಕಿದ್ದನ್ನೆಲ್ಲ ಹಾಗೇ ಬಿಟ್ಟರೆ ಮುಂದಿನ ಹಬ್ಬಕ್ಕೆ ಇನ್ನೊಂದು ಅಂಗಡಿ ಸುಡುತ್ತದೆ.

ನಮ್ಮ ಬೀದೀಲಿ ಶುರುವಾಗೋ ಹಂಗೆ ಕಾಣ್ತಿದೆ. ನಾನೊಬ್ಬ ಏನ್ ಮಾಡ್ಲಿ?

ಮೊದಲು 112ಕ್ಕೆ ಫೋನ್ ಮಾಡಿ, ಕಂಡದ್ದನ್ನಷ್ಟೇ ಹೇಳಿ: ಜಾಗ, ಎಷ್ಟು ಜನ, ಕೈಯಲ್ಲಿ ಏನಿದೆ. ಕೇಳಿದ್ದನ್ನು ಹೇಳಬೇಡಿ. ಮನೆಯ ಹುಡುಗರನ್ನು ಒಳಗೆ ಕರೆದುಕೊಳ್ಳಿ, ‘ಸುಮ್ನೆ ನೋಡ್ಕೊಂಡು ಬರ್ತೀನಿ’ ಅಂದರೂ ಬಿಡಬೇಡಿ. ನೋಡಲು ನಿಂತವರಿಂದಲೇ ಹತ್ತು ಜನರ ಗುಂಪು ನೂರು ಜನರದ್ದಾಗಿ ಕಾಣುವುದು. ಆ ಕಡೆಯವರಲ್ಲಿ ಪರಿಚಯದವರು ಒಬ್ಬರಿದ್ದರೂ ಅವರಿಗೆ ಫೋನ್ ಮಾಡಿ, ಅವರ ಕಡೆ ಏನು ಸುದ್ದಿ ಓಡಾಡುತ್ತಿದೆ ಅಂತ ಕೇಳಿ, ನಿಮ್ಮ ಕಡೆಯದ್ದನ್ನು ಹೇಳಿ. ಗುಂಪಿನಲ್ಲಿ ಗುರುತಿನ ಹುಡುಗ ಕಂಡರೆ, ಹತ್ತಿರ ಹೋಗುವುದು ಅಪಾಯ ಅಲ್ಲ ಅನ್ನಿಸಿದರೆ ಮಾತ್ರ, ಹೆಸರು ಹಿಡಿದು ಕರೆಯಿರಿ. ಬೈಯಬೇಡಿ. ‘ಬಾರೋ, ನಿಮ್ಮಮ್ಮ ಹುಡುಕ್ತಾ ಇದ್ದಾರೆ’ ಅಂದರೆ ಸಾಕು.